ಕೇಡಗಾಂವದ ಪಂಡಿತಾ ರಮಾಬಾಯಿ

ಚಪಳಗಾಂವ: ಸೊಲ್ಲಾಪುರದಿಂದ ಪುಣೆಗೆ ಹೊರಟ ರೈಲು ದೌಂಡ ದಾಟಿದ ಮೇಲೆ ಕೇಡಗಾಂವ ಬರುತ್ತದೆ. ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕನ್ನಡ ನಾಡಿನ ಗಂಗಾಮೂಲದ ಕಾಡಿನಲ್ಲಿ. ಮನೆಮಾತು ಮರಾಠಿ. ಜಾತಿ ಮೀರಿ ಬಂಗಾಲಿ ವಕೀಲರನ್ನು ಮದುವೆಯಾದರು.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರೂ ಒಂದೇ ಪಂಗಡದ ಕಟ್ಟಳೆಗೆ ಅವರು ಒಳಪಡಲಿಲ್ಲ. ಕ್ರಿಸ್ತನನ್ನು ನಂಬಿದವರೆಲ್ಲ ಒಂದೇ ಮನೆಯವರೆಂದು ತಿಳಿದರು. ದೀಕ್ಷೆ ಕೊಟ್ಟ ಆಂಗ್ಲಿಕನ್ ಹಿರಿಯರಿಗೆ ಇದು ಹಿಡಿಸಲಿಲ್ಲ. ಇತ್ತ ಮತಾಂತರದ ಗುಮಾನಿಯಿಂದ 1893ರಲ್ಲಿ ಪುಣೆಯ ಹಲವರು ಅವರ ಶಾರದಾ ಸದನದಿಂದ ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಎರಡೂ ಕಡೆಯ ಸಿಟ್ಟು ಹೊರುವುದು ಸಣ್ಣ ಮಾತಲ್ಲ.

1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ, 1900ರಲ್ಲಿ ಗುಜರಾತಿನಿಂದ ಹಸಿದ ಹುಡುಗಿಯರನ್ನು ಜಾತಿ ನೋಡದೆ ಕರೆತಂದು ಸಾಕಿದರು. ಹೊರದೇಶಗಳ ಬೇರೆಬೇರೆ ಚರ್ಚಿನವರೂ ಅಲ್ಲಿ ಕೂಡಿ ದುಡಿದರು. ಓದು ಕಡಿಮೆಯಿದ್ದ ಹೆಂಗಸರಿಗೂ ತಿಳಿಯಲೆಂದು ಬೈಬಲನ್ನು ಸರಳ ಮರಾಠಿಗೆ ಅನುವಾದಿಸಿ ಮುಗಿಸಿದ ರಮಾಬಾಯಿ, 1922ರ ಏಪ್ರಿಲ್ 5ರಂದು ತೀರಿಕೊಂಡರು.