ರಾಜ್ಯವಿಲ್ಲದ ರಾಜನ 360 ಎಲೆಗಳು

ಹಿರಿಯೂರಿನ ಮಾರಿಕಣಿವೆಗೆ ಹೋಗಿ ಬಂದವರಿಗೆಲ್ಲ ವಾಣಿವಿಲಾಸ ಸಾಗರ ಗೊತ್ತು. ಆ ಹೆಸರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರದು. ನಂಟಿನಲ್ಲಿ ಅವರ ಮಾವನಾಗಬೇಕಾದ ಮುಮ್ಮಡಿ ಕೃಷ್ಣರಾಜ ಒಡೆಯರು ಮಾತ್ರ ನಮಗೆ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ: 1831ರಲ್ಲಿ ಅಧಿಕಾರ ಕಳೆದುಕೊಂಡ ರಾಜ ಯಾರು? ನನಗೆ ಅವರು ಇಷ್ಟವಾದದ್ದು ಇಸ್ಪೀಟಿನಿಂದ. ಮನೆಯಲ್ಲಿ ಹೀಗೆ ಹೇಳಿದರೆ ಬೈಗುಳ ಖಚಿತ.

ಅವರು ಹುಟ್ಟಿದ್ದು 1794ರಲ್ಲಿ, ಶ್ರೀರಂಗಪಟ್ಟಣದಲ್ಲಿ. ಟಿಪ್ಪು ಮಡಿದ ಮೇಲೆ 1799ರಲ್ಲಿ ಐದು ವರ್ಷದ ಹುಡುಗನಿಗೆ ಪಟ್ಟ ಕಟ್ಟಿದರು. ಆಡಳಿತ ನೋಡಿಕೊಂಡವರು ದಿವಾನ್ ಪೂರ್ಣಯ್ಯ. ಹುಡುಗ ಬೆಳೆದು ತಾನೇ ಆಳತೊಡಗಿದ ಇಪ್ಪತ್ತು ವರ್ಷಕ್ಕೆ ನಗರದ ರೈತರು ಬಂಡೆದ್ದರು. ಅದನ್ನೇ ನೆಪ ಮಾಡಿಕೊಂಡು ಕಂಪನಿ ಸರ್ಕಾರ ಆಡಳಿತ ಕಿತ್ತುಕೊಂಡಿತು. ರಾಜನದು ಏನೂ ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಕಂದಾಯದ ಗುತ್ತಿಗೆ ಹಿಡಿದವರ ಕಾಟ ತಾಳಲಾರದೆ ರೈತರು ಎದ್ದದ್ದು ನಿಜ. ಆದರೆ ಆಡಳಿತ ಕಿತ್ತುಕೊಂಡ ಗವರ್ನರ್ ಜನರಲ್ ಬೆಂಟಿಂಕನೇ ಆಮೇಲೆ ರಾಜ್ಯದ ಒಂದು ಭಾಗವನ್ನಾದರೂ ಹಿಂತಿರುಗಿಸೋಣ ಎಂದದ್ದೂ, ಲಂಡನ್ ಒಪ್ಪದಿದ್ದದ್ದೂ ನಿಜ. ನಮ್ಮ ಚಿತ್ರದುರ್ಗ ಕಮಿಷನರ ಆಳ್ವಿಕೆಯ ನಾಲ್ಕು ವಿಭಾಗಗಳಲ್ಲಿ ಒಂದಾಯಿತು.

ಆಗ ರಾಜರಿಗೆ 37 ವರ್ಷ. ಇನ್ನೂ ಅಷ್ಟೇ ವರ್ಷ ಅವರು ಬದುಕಿದರು. ಕೈಗೆ ಪಿಂಚಣಿ ಬರುತ್ತಿತ್ತು, ಮಾಡಲು ರಾಜ್ಯಭಾರ ಇರಲಿಲ್ಲ.

ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ತೆರೆದರು, ಪಂಡಿತರನ್ನು ಕೂಡಿಸಿ ಪುಸ್ತಕ ಬರೆಸಿದರು. ಚದುರಂಗದ ಕುದುರೆ ಅಷ್ಟೂ ಮನೆಗಳಲ್ಲಿ ಒಂದೊಂದೇ ಸಲ ಕಾಲಿಟ್ಟು ಬರುವ ಲೆಕ್ಕಗಳನ್ನು ಬಿಡಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗ ಕೌತುಕನಿಧಿ. ಅದು ಆಟಗಳಿಗೇ ಮೀಸಲು.

ಗಂಜೀಫಾ ಎಲೆಗಳು ನಮ್ಮ ಇಸ್ಪೀಟಿನಂತೆ ಚೌಕವಲ್ಲ, ದುಂಡಗೆ. ಕಾಗದವನ್ನೋ ಬಟ್ಟೆಯನ್ನೋ ಪದರ ಪದರವಾಗಿ ಅಂಟಿಸಿ, ಕತ್ತರಿಸಿ, ಒಂದೊಂದಕ್ಕೂ ಕೈಯಿಂದಲೇ ಚಿತ್ರ ಬರೆದು, ಅರಗಿನ ಹೊಳಪು ಕೊಡುತ್ತಿದ್ದರು. ಸಿರಿವಂತರಿಗೆ ದಂತದ ಎಲೆಗಳು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಮುಮ್ಮಡಿಯವರಿಗೆ ಅದು ಸಾಲಲಿಲ್ಲ. ತಾವೇ ಹೊಸ ಆಟಗಳನ್ನು ಕಟ್ಟಿ ಛದ ಎಂದು ಕರೆದರು. ಛದ ಎಂದರೆ ಎಲೆ. ಚಾಮುಂಡೇಶ್ವರಿ ಛದಕ್ಕೆ 320 ಎಲೆ, ಜಗನ್ಮೋಹನ ಛದಕ್ಕೆ 360! ಐವತ್ತೆರಡು ಎಲೆಯ ರಮ್ಮಿಯಲ್ಲೇ ಯಾವ ಎಲೆ ಬಿತ್ತೆಂದು ಮರೆಯುವ ನಮಗೆ ಅದನ್ನು ಕೈಯಲ್ಲಿ ಹಿಡಿಯುವುದೂ ಕಷ್ಟ.

ಅದೇ ಆಸುಪಾಸಿನಲ್ಲಿ ಲಂಡನ್ನಿನ ಥಾಮಸ್ ಡಿ ಲಾ ರೂ ಇಸ್ಪೀಟು ಎಲೆಗಳನ್ನು ಯಂತ್ರದಲ್ಲಿ ಮುದ್ರಿಸತೊಡಗಿದ್ದ. ಅಗ್ಗದ ಅಚ್ಚಿನ ಎಲೆಗಳ ಮುಂದೆ ಚಿತ್ರಗಾರರ ಕುಂಚ ನಿಲ್ಲಲಿಲ್ಲ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮಾತ್ರ ಅವರ ಆಟದ ಮಣೆಗಳ ಚಿತ್ರ ಉಳಿದಿದೆ.

ಆಟದಲ್ಲಿ ಮುಳುಗಿ ರಾಜ್ಯ ಮರೆತರು ಎನ್ನುವವರು ಅವರ ಅರ್ಜಿಗಳನ್ನು ಮರೆಯುತ್ತಾರೆ. ರಾಜ್ಯ ಹಿಂದಕ್ಕೆ ಕೊಡಿ ಎಂದು ಮುಪ್ಪಿನವರೆಗೂ ಬರೆಯುತ್ತಲೇ ಇದ್ದರು. ಗಂಡು ವಾರಸುದಾರ ಇರಲಿಲ್ಲ. ದತ್ತು ಒಪ್ಪದೆ ಝಾನ್ಸಿಯನ್ನು ನುಂಗಿದ್ದು ಕಣ್ಣೆದುರಿಗೇ ಇತ್ತು. ಆದರೂ 1865ರಲ್ಲಿ ಎರಡು ವರ್ಷದ ಮೊಮ್ಮಗನನ್ನು ದತ್ತು ತೆಗೆದುಕೊಂಡರು. ಬ್ರಿಟಿಷರು ಒಪ್ಪಿದ್ದು 1867ರಲ್ಲಿ. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು.

ಆ ಮಗುವೇ ಚಾಮರಾಜೇಂದ್ರ ಒಡೆಯರು. 1881ರಲ್ಲಿ ರಾಜ್ಯ ಅವರ ಕೈಗೆ ಮರಳಿತು. ಅವರ ಪತ್ನಿ ರಾಜಪ್ರತಿನಿಧಿಯಾಗಿದ್ದಾಗಲೇ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಶುರುವಾದದ್ದು.