ಲಾಲ್‌ಬಾಗಿನ ಕೃಂಬಿಗಲ್ ಮತ್ತು ನಮ್ಮೂರಿನ ಗಿಡಗಳು

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ಮೇಲೆ ನಾವು ನಾಲ್ಕೈದು ಮಂದಿ ಊರಿನ ಒಂದು ಪಾರ್ಕಿಗೆ ಹೋಗಿದ್ವಿ. ಏಪ್ರಿಲ್ ತಿಂಗಳ ಮಧ್ಯಾಹ್ನ, ನಾಲ್ಕು ಗಂಟೆ ಆದರೂ ಬಿಸಿಲು ಇಳಿದಿರಲಿಲ್ಲ. ಹೊಸಾ ಬೆಂಚು, ಹೊಸಾ ಟೈಲ್ಸ್, ಬಣ್ಣದ ದೀಪ ಎಲ್ಲಾ ಇದ್ವು. ಆದರೆ ಆ ಬೆಂಚಿನ ಮ್ಯಾಲೆ ಒಬ್ಬರೂ ಕೂತಿರಲಿಲ್ಲ. ಪಾರ್ಕಿಗೆ ಬಂದ ಮಂದಿ ಎಲ್ಲಾ ಮೂಲೆಯಲ್ಲಿದ್ದ ಒಂದು ಹಳೇ ಮಳೆಮರದ ಕೆಳಗೆ ನೆಲದ ಮೇಲೆಯೇ ಕೂತಿದ್ರು. ಅಜ್ಜಂದಿರು, ಕೂಸು ಎತ್ತಿಕೊಂಡ ತಾಯಂದಿರು, ಗಿರಮಿಟ್ಟು ತಿನ್ನುತ್ತಿದ್ದ ನಮ್ಮಂಥ ಹುಡುಗರು, ಎಲ್ಲರೂ ಅಲ್ಲೇ. ನಾವೂ ಅಲ್ಲೇ ತುರುಕಿಕೊಂಡು ಕೂತ್ವಿ. ಈ ಗಿಡ ಯಾರು ಹಚ್ಚಿರಬಹುದು ಅಂತ ಅವತ್ತು ಮಾತು ಬಂತು. ಯಾರಿಗೂ ಗೊತ್ತಿರಲಿಲ್ಲ. ಹಾಸ್ಟೆಲ್‌ಗೆ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಊರಿನ ತುಂಬ ಗಿಡ ಹಚ್ಚೋದನ್ನೇ ಜೀವನದ ಕೆಲಸ ಮಾಡಿಕೊಂಡವರು ಯಾರಾದರೂ ಇದ್ದಾರಾ ಅಂತ ಹುಡುಕಿದಾಗ ಸಿಕ್ಕವರು ಗುಸ್ತಾವ್ ಹರ್ಮನ್ ಕೃಂಬಿಗಲ್.

ಇಂಟರ್ನ್‌ಶಿಪ್‌ಗೆ, ಸಂದರ್ಶನಕ್ಕೆ ಅಂತ ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆಯ ಫಲಕ ನೋಡಿರ್ತೀರಿ. ಆ ಹೆಸರು ಯಾರದು ಅಂತ ಕೇಳಿದವರು ಕಡಿಮೆ. ಬೆಂಗಳೂರಿಗೆ ಉದ್ಯಾನ ನಗರಿ ಅನ್ನುವ ಹೆಸರು ಬರಲಿಕ್ಕೆ ದುಡಿದವರಲ್ಲಿ ಇವರದು ದೊಡ್ಡ ಪಾಲು.

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರದ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆಯ ತರಬೇತಿ ಪಡೆದದ್ದು ಪಿಲ್‌ನಿಟ್ಸ್‌ನಲ್ಲಿ. ಅಲ್ಲಿ ಅರಮನೆಯ ದೊಡ್ಡ ತೋಟವಿತ್ತು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಸೈಟಿಗೆ ಇಳಿಯುವವರ ಹಾಗೆ, ಅವರೂ ಚಿಕ್ಕ ವಯಸ್ಸಿಗೇ ಮಣ್ಣಿಗೆ ಕೈ ಹಾಕಿ ಕಲಿತವರು. ಮುಂದೆ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳ ಕೆಲಸ ಮಾಡಿದರು, ಆಮೇಲೆ ಕ್ಯೂ ಸಸ್ಯೋದ್ಯಾನ ಸೇರಿದರು. ಬ್ರಿಟಿಷರು ಆಳುತ್ತಿದ್ದ ದೇಶಗಳಿಂದೆಲ್ಲ ಸಸಿ, ಬೀಜ, ಒಣಗಿಸಿದ ಎಲೆ ಬಂದು ಸೇರುತ್ತಿದ್ದ ಜಾಗ ಅದು. ಒಂದು ಗಿಡ ಎಲ್ಲಿಯದು, ಎಂಥ ಮಣ್ಣು ಬೇಕು, ಎಷ್ಟು ಎತ್ತರ ಬೆಳೆಯುತ್ತದೆ, ಯಾವಾಗ ಹೂ ಬಿಡುತ್ತದೆ ಎನ್ನುವ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವ ರೂಢಿ ಅಲ್ಲಿತ್ತು.

1893ರಲ್ಲಿ ಕೃಂಬಿಗಲ್ ಭಾರತಕ್ಕೆ ಬಂದರು. ಬರೋಡಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರ ಸಂಸ್ಥಾನದಲ್ಲಿ ಉದ್ಯಾನಗಳ ಮೇಲ್ವಿಚಾರಣೆ ಅವರ ಕೆಲಸ. ಅಲ್ಲಿ ಕಳೆದದ್ದು ಸುಮಾರು ಹದಿನೈದು ವರ್ಷ. ಗುಜರಾತಿನ ಬಿಸಿಲು ಯುರೋಪಿನ ತೋಟಗಾರನಿಗೆ ಒಳ್ಳೇ ಮೇಷ್ಟ್ರು. ಲಂಡನ್ನಿನಲ್ಲಿ ಬಿಸಿಲಿಗಾಗಿ ಪಾರ್ಕಿಗೆ ಹೋಗ್ತಾರ, ನಮ್ಮಲ್ಲಿ ನೆರಳಿಗಾಗಿ ಹೋಗ್ತಾರ. ಇದು ತಿಳಿಯದೆ ಅಲ್ಲಿನ ನಕ್ಷೆಯನ್ನು ಇಲ್ಲಿಗೆ ಇಳಿಸಿದರೆ ಹುಲ್ಲುಹಾಸು ಒಣಗುತ್ತದೆ, ಮಂದಿ ಬರೋದಿಲ್ಲ.

1908ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ಕೃಂಬಿಗಲ್ಲರನ್ನು ಬೆಂಗಳೂರಿಗೆ ಕರೆಸಿಕೊಂಡಿತು. ಲಾಲ್‌ಬಾಗನ್ನು ಮೂರು ದಶಕಕ್ಕೂ ಹೆಚ್ಚು ಕಾಲ ನೋಡಿಕೊಂಡಿದ್ದ ಜಾನ್ ಕ್ಯಾಮರಾನ್ ನಿವೃತ್ತರಾಗಿದ್ದರು. ನಾವು ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದವರು ಇದೇ ಕ್ಯಾಮರಾನ್. ಗಾಜಿನ ಮನೆ ಎದ್ದದ್ದೂ ಅವರ ಕಾಲದಲ್ಲೇ. ಹೈದರಾಲಿ 1760ರ ಹೊತ್ತಿಗೆ ಶುರು ಮಾಡಿದ ತೋಟ ಅಷ್ಟು ಹೊತ್ತಿಗೆ ಹೆಸರು ಮಾಡಿತ್ತು. ತೋಟದ ಹೊರಗಿನ ಊರು ಮಾತ್ರ ಬೇರೆ ಸ್ಥಿತಿಯಲ್ಲಿತ್ತು. 1898ರ ಪ್ಲೇಗು ಬೆಂಗಳೂರಿನ ಇಕ್ಕಟ್ಟಾದ ಪೇಟೆಯನ್ನು ನಡುಗಿಸಿತ್ತು. ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಮಲ್ಲೇಶ್ವರಂ, ಬಸವನಗುಡಿ ಹುಟ್ಟಿದ್ದವು. ಅಗಲವಾದ ರಸ್ತೆಗಳು ಇದ್ದವು, ಅವುಗಳ ಎರಡೂ ಬದಿ ಏನು ಹಚ್ಚಬೇಕು ಅನ್ನುವುದು ಮುಂದಿನ ಪ್ರಶ್ನೆಯಾಗಿತ್ತು.

ಕೃಂಬಿಗಲ್ ಕೊಟ್ಟ ಉತ್ತರ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಥಟ್ಟನೆ ತಿಳಿಯುವಂಥದ್ದು. ಅವರು ಇದನ್ನು ಶೆಡ್ಯೂಲಿಂಗ್ ಸಮಸ್ಯೆಯ ಹಾಗೆ ನೋಡಿದರು. ಒಂದೊಂದು ಜಾತಿಯ ಮರ ವರ್ಷದಲ್ಲಿ ಕೆಲವೇ ವಾರ ಹೂ ಬಿಡುತ್ತದೆ. ಎಲ್ಲಾ ಕಡೆ ಒಂದೇ ಜಾತಿ ಹಚ್ಚಿದರೆ ಒಂದು ತಿಂಗಳು ಹಬ್ಬ, ಹನ್ನೊಂದು ತಿಂಗಳು ಬೋಳು. ಅದಕ್ಕೆ ಒಂದು ರಸ್ತೆಯ ಹೂ ಉದುರುವ ಹೊತ್ತಿಗೆ ಇನ್ನೊಂದು ರಸ್ತೆ ಅರಳುವ ಹಾಗೆ ಜಾತಿಗಳನ್ನು ಆರಿಸಿದರು. ಇದನ್ನು ಸರಣಿ ಹೂಬಿಡುವಿಕೆ ಅಂತ ಕರೀತಾರೆ. ಬೇಸಿಗೆಯ ಮೊದಲಿಗೆ ನೇರಳೆ ಬಣ್ಣದ ಜಕರಂಡಾ, ಅದರ ಹಿಂದೆ ಕೆಂಪು ಗುಲ್‌ಮೊಹರ್, ಅದರ ಬೆನ್ನಿಗೆ ಹಳದಿ ಪೆಲ್ಟೊಫೋರಂ. ನೆರಳಿಗೆ ಕೊಡೆಯಂತೆ ಹರಡುವ ಮಳೆಮರ. ನಾವು ಡ್ರಾಯಿಂಗಿನಲ್ಲಿ ಉದ್ದ, ಅಗಲ, ಎತ್ತರ ಗುರುತಿಸ್ತೀವಿ. ಅವರು ಅದಕ್ಕೆ ಕ್ಯಾಲೆಂಡರನ್ನೂ ಸೇರಿಸಿದರು.

ಇದು ಹೇಳಿದಷ್ಟು ಸುಲಭದ ಕೆಲಸ ಅಲ್ಲ. ಜಕರಂಡಾ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಹೊರಗಿನ ಗಿಡ ಇಲ್ಲಿಯ ಮಣ್ಣಿಗೆ ಒಗ್ಗುತ್ತದೋ ಇಲ್ಲವೋ ಅಂತ ನೋಡದೆ ಊರಿಗೆಲ್ಲ ಹಚ್ಚಿದರೆ ದುಡ್ಡೂ ಹೋಗುತ್ತದೆ, ಹತ್ತು ವರ್ಷವೂ ಹೋಗುತ್ತದೆ. ಲಾಲ್‌ಬಾಗ್ ಇಂಥ ಪರೀಕ್ಷೆಗೆ ಲ್ಯಾಬ್ ಆಗಿತ್ತು. ಬೇರೆ ದೇಶಗಳ ಸಸ್ಯೋದ್ಯಾನಗಳ ಜೊತೆ ಬೀಜದ ವಿನಿಮಯ ನಡೆಯುತ್ತಿತ್ತು. ಬಂದ ಬೀಜ ನರ್ಸರಿಯಲ್ಲಿ ಸಸಿಯಾಗಬೇಕು, ಸಸಿ ತೋಟದಲ್ಲಿ ನಿಂತು ತೋರಿಸಬೇಕು, ಆಮೇಲೆ ರಸ್ತೆಗೆ. ಪ್ರೋಟೊಟೈಪ್ ಮಾಡದೆ ಪ್ರೊಡಕ್ಷನ್‌ಗೆ ಇಳಿಯಬೇಡಿ ಅಂತ ನಮಗೆ ಲ್ಯಾಬಿನಲ್ಲಿ ಹೇಳಿಕೊಡೋದು ಇದನ್ನೇ. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಫಲಪುಷ್ಪ ಪ್ರದರ್ಶನಗಳಿಂದ ಊರಿನ ಮಂದಿಗೂ ಗಿಡದ ಹುಚ್ಚು ಹತ್ತಿತು. ಪಾರ್ಕು ಸರ್ಕಾರದ್ದು ಅನ್ನುವ ಭಾವನೆ ಹೋಗಿ ನಮ್ಮದು ಅನ್ನುವ ಭಾವನೆ ಬರಲಿಕ್ಕೆ ಇಂಥವು ಬೇಕಾಗುತ್ತವೆ.

ಕೃಂಬಿಗಲ್ ತೋಟದ ಬೇಲಿಯೊಳಗೆ ಉಳಿಯಲಿಲ್ಲ. ಕಟ್ಟಡ, ಊರಿನ ಯೋಜನೆಗಳ ವಿಷಯದಲ್ಲೂ ಮೈಸೂರು ಸರ್ಕಾರ ಅವರ ಸಲಹೆ ಕೇಳುತ್ತಿತ್ತು. ಕಟ್ಟಡ ಮುಗಿದ ಮೇಲೆ ಉಳಿದ ಮೂಲೆಗೆ ನಾಲ್ಕು ಕುಂಡ ಇಡುವುದು ಒಂದು ಪದ್ಧತಿ; ಕಟ್ಟಡದ ನಕ್ಷೆ ಬರೆಯುವಾಗಲೇ ಮರಗಳಿಗೆ ಜಾಗ ಕೊಡುವುದು ಇನ್ನೊಂದು. ಅವರ ದಾರಿ ಎರಡನೆಯದು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿನ ಬುಡದಲ್ಲಿ ಬೃಂದಾವನ ಉದ್ಯಾನ ಎದ್ದಿತಲ್ಲ, ಅದರ ವಿನ್ಯಾಸದಲ್ಲೂ ಅವರ ಕೈ ಇದೆ. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ ಹಂತಹಂತವಾಗಿ ಇಳಿಯುವ ಆ ಉದ್ಯಾನಕ್ಕೆ ನಾವೆಲ್ಲ ಸ್ಕೂಲ್ ಟ್ರಿಪ್‌ನಲ್ಲಿ ಹೋಗಿ ಬಂದವರೇ. ಸಿವಿಲ್ ಎಂಜಿನಿಯರುಗಳ ಅಣೆಕಟ್ಟು, ತೋಟಗಾರನ ಉದ್ಯಾನ, ಎರಡೂ ಒಂದಕ್ಕೊಂದು ಅಂಟಿಕೊಂಡು ನಿಂತಿವೆ.

1932ರಲ್ಲಿ ಕೃಂಬಿಗಲ್ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಎಚ್.ಸಿ. ಜವರಾಯ. ಅಧಿಕಾರಿ ಬದಲಾದ ಕೂಡಲೇ ಹಿಂದಿನವರ ಕೆಲಸ ಅಳಿಸಿ ಹೊಸದು ಶುರು ಮಾಡುವ ಚಾಳಿ ಅಲ್ಲಿ ನಡೆಯಲಿಲ್ಲ. ಕ್ಯಾಮರಾನ್ ಬಿಟ್ಟದ್ದನ್ನು ಕೃಂಬಿಗಲ್ ಹಿಡಿದರು, ಕೃಂಬಿಗಲ್ ಬಿಟ್ಟದ್ದನ್ನು ಜವರಾಯರು ಹಿಡಿದರು. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಗಿಡ ಹಚ್ಚಿಸಿದಾಗ ಅದೇ ದಾರಿ ಮತ್ತೆ ಮುಂದುವರಿಯಿತು. ಮರಗಳ ಆಯುಷ್ಯ ಅಧಿಕಾರಿಗಳ ಆಯುಷ್ಯಕ್ಕಿಂತ ದೊಡ್ಡದು. ಹೀಗೆ ಒಬ್ಬರಿಂದ ಒಬ್ಬರಿಗೆ ದಾಟದಿದ್ದರೆ ಯಾವ ಪಾರ್ಕೂ ಉಳಿಯೋದಿಲ್ಲ.

ನಿವೃತ್ತಿಯ ನಂತರ ಕೃಂಬಿಗಲ್ ಬೆಂಗಳೂರು ಬಿಡಲಿಲ್ಲ. ಆದರೆ ಅವರ ಬದುಕಿನ ಕಹಿ ದಿನಗಳು ಆಗಲೇ ಬಂದದ್ದು. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಆಡಳಿತದ ಲೆಕ್ಕದಲ್ಲಿ ಅವರು ಶತ್ರು ದೇಶದವರು. ಊರಿಗೆ ನೆರಳು ಕೊಟ್ಟ ಎಪ್ಪತ್ತು ದಾಟಿದ ಮುದುಕ, ಹುಟ್ಟಿದ ದೇಶದ ಕಾರಣಕ್ಕೆ ಇತರ ಜರ್ಮನ್ನರ ಜೊತೆ ಬಂಧನದಲ್ಲಿ ಇರಬೇಕಾಯಿತು. ಸ್ವಲ್ಪ ನಿಂತು ಯೋಚನೆ ಮಾಡಿ. ಲಂಡನ್ನಿನಲ್ಲಿ ಕೆಲಸ ಮಾಡಿದವರು, ಇಡೀ ವೃತ್ತಿಯನ್ನು ಭಾರತಕ್ಕೆ ಕೊಟ್ಟವರು, ದಶಕಗಳ ಹಿಂದೆ ಬಿಟ್ಟು ಬಂದ ದೇಶದ ಹೆಸರಿನಲ್ಲಿ ಬೇಲಿಯೊಳಗೆ. ಹೊರಗೆ ಅವರ ಗಿಡಗಳು ಯಾವಾಗಿನಂತೆ ಸರದಿಯ ಮೇಲೆ ಹೂ ಬಿಡುತ್ತಿದ್ದವು. ಹೊರಬಂದ ಮೇಲೂ ಅವರು ಈ ಊರಿನಲ್ಲೇ ಉಳಿದರು. 1956ರ ಫೆಬ್ರವರಿ 8ರಂದು, ತೊಂಬತ್ತು ವರ್ಷದವರಾಗಿ, ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಈ ತಾರೀಖು ನೋಡಿದಾಗ ನನಗೆ ನಮ್ಮ ಊರು ನೆನಪಾಯಿತು. ಅದೇ ವರ್ಷ ನವೆಂಬರ್ 1ರಂದು ಕರ್ನಾಟಕ ಒಂದಾಯಿತು, ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ ಜಿಲ್ಲೆ ಮೈಸೂರು ರಾಜ್ಯ ಸೇರಿತು. ಅಂದ್ರ ನಾವು ಅವರ ರಾಜ್ಯಕ್ಕೆ ಸೇರುವ ಒಂಬತ್ತು ತಿಂಗಳ ಮೊದಲೇ ಅವರು ಹೋಗಿಬಿಟ್ಟಿದ್ದರು. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಆದದ್ದು 1962ರಲ್ಲಿ.

ಈಗ ಒಂದು ಲೆಕ್ಕ. 1941ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 4 ಲಕ್ಷ. 2011ರಲ್ಲಿ ಹುಬ್ಬಳ್ಳಿ-ಧಾರವಾಡದ್ದು 9 ಲಕ್ಷ 43 ಸಾವಿರ. ಕೃಂಬಿಗಲ್ ಕೆಲಸ ಮಾಡಿದ ಬೆಂಗಳೂರು ನಮ್ಮ ಇವತ್ತಿನ ಅವಳಿ ನಗರದ ಅರ್ಧದಷ್ಟೂ ಇರಲಿಲ್ಲ! ಬೆಂಗಳೂರು ದೊಡ್ಡ ಊರು, ಅದಕ್ಕೇ ಅಲ್ಲಿ ಪಾರ್ಕು ಮಾಡಿದರು ಅಂತ ನಾವು ಅಂದುಕೊಂಡಿರ್ತೀವಿ. ನಡೆದದ್ದು ಉಲ್ಟಾ. ಊರು ಸಣ್ಣದಿದ್ದಾಗಲೇ ಗಿಡ ಹಚ್ಚಿದರು, ಊರು ದೊಡ್ಡದಾಗುವ ಹೊತ್ತಿಗೆ ಅವು ನೆರಳು ಕೊಡುವಷ್ಟು ಬೆಳೆದಿದ್ದವು. ಆ ಅಳತೆಯಲ್ಲಿ ನಾವು ಈಗಾಗಲೇ ತಡ ಮಾಡಿದ್ದೀವಿ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಉಣಕಲ್ ಕೆರೆ ಇದೆ, ತೋಳನಕೆರೆ ಇದೆ, ಹುಬ್ಬಳ್ಳಿಯಲ್ಲಿ ಗ್ಲಾಸ್ ಹೌಸ್, ನೃಪತುಂಗ ಬೆಟ್ಟ, ಧಾರವಾಡದಲ್ಲಿ ಆಜಾದ್ ಪಾರ್ಕು, ಕೆ.ಸಿ. ಪಾರ್ಕು ಇವೆ. ಆದರೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಕಿಟಕಿಯಿಂದ ನೋಡಿ. ರಸ್ತೆ ಅಗಲವಾಯಿತು, ಪ್ರಯಾಣ ಸಲೀಸಾಯಿತು, ಒಳ್ಳೇದೇ. ಆ ಅಗಲಕ್ಕೆ ರಸ್ತೆ ಬದಿಯ ದೊಡ್ಡ ಗಿಡಗಳು ಹೋದವು. ಅವುಗಳ ಜಾಗ ತುಂಬುವ ಗಿಡ ಯಾವುದು, ಎಲ್ಲಿ, ಯಾವಾಗ ಅನ್ನುವ ನಕ್ಷೆಯೂ ರಸ್ತೆಯ ನಕ್ಷೆಯಷ್ಟೇ ಮುಖ್ಯ.

ಕೃಂಬಿಗಲ್ ಹಚ್ಚಿದ ಜಾತಿಗಳನ್ನೇ ತಂದು ಇಲ್ಲಿ ಹಚ್ಚಬೇಕು ಅಂತ ನಾನು ಹೇಳ್ತಿಲ್ಲ. ಹುಬ್ಬಳ್ಳಿಯದು ಹೆಚ್ಚಾಗಿ ಯರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಫೌಂಡೇಶನ್ ವಿಷಯದಲ್ಲಿ ಸಿವಿಲ್‌ನವರಿಗೆ ಇದರ ಕಾಟ ಗೊತ್ತು, ಬೇರಿಗೂ ಅದೇ ಕಾಟ. ಧಾರವಾಡದ ಕಡೆ ಮಸಾರಿ ಮಣ್ಣು, ಮಲೆನಾಡಿನ ಸೆರಗಿನ ಮಳೆ. ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಎರಡು ಬೇರೆ ಪಟ್ಟಿ ಬೇಕಾಗಬಹುದು. ಕಲಿಯಬೇಕಾದದ್ದು ಅವರ ಕೆಲಸದ ರೀತಿ. ನಮ್ಮ ಸೀಮೆಯ ಗಿಡಗಳಲ್ಲೇ ಕ್ಯಾಲೆಂಡರ್ ಬರೆಯಬಹುದು: ಜನವರಿಗೆ ಬೂರುಗ, ಫೆಬ್ರವರಿ-ಮಾರ್ಚಿಗೆ ಮುತ್ತುಗ, ಯುಗಾದಿಯ ಹೊತ್ತಿಗೆ ಹೊಂಗೆ, ಏಪ್ರಿಲ್-ಮೇಗೆ ಕಕ್ಕೆ, ಮುಂಗಾರಿನ ಮುಂಚೆ ಹೊಳೆದಾಸವಾಳ, ದೀಪಾವಳಿಯ ಆಸುಪಾಸಿಗೆ ಆಕಾಶಮಲ್ಲಿಗೆ. ಕುಡಿಯುವ ನೀರಿಗೇ ದಿನಗಟ್ಟಲೆ ಕಾಯುವ ಊರಿನಲ್ಲಿ ದಿನಾ ನೀರು ಕೇಳುವ ಹುಲ್ಲುಹಾಸಿಗಿಂತ, ಎರಡು-ಮೂರು ಬೇಸಿಗೆ ಸಾಕಿದರೆ ತಾನೇ ನಿಲ್ಲುವ ಮರ ಲಾಭದ್ದು.

ಕೆಲಸ ನಮ್ಮ ಕ್ಯಾಂಪಸ್ಸಿನಿಂದಲೇ ಶುರು ಮಾಡಬಹುದು. ಈ ವರ್ಷ ಕನ್ನಡ ಸಂಘದಿಂದ ನಮ್ಮ ಆವರಣದ ಒಂದೊಂದು ಗಿಡದ ಹೆಸರು, ಅದು ಹೂ ಬಿಡುವ ತಿಂಗಳು, ಮಧ್ಯಾಹ್ನ ಮೂರಕ್ಕೆ ಅದರ ನೆರಳು ಎಷ್ಟು ಅಗಲ ಬೀಳುತ್ತದೆ ಅನ್ನೋದನ್ನು ಬರೆದಿಡೋಣ. ಸಿವಿಲ್‌ನವರು ಸರ್ವೇ ಮಾಡಲಿ, ಕಂಪ್ಯೂಟರ್ ಸೈನ್ಸ್‌ನವರು ಮ್ಯಾಪ್ ಮಾಡಲಿ, ಹೆಸರುಗಳನ್ನು ಮಾತ್ರ ಮಾಲಿ ಕಾಕಾನ ಹತ್ತಿರ ಕೇಳಿ ತಿಳಿಯೋಣ. ಅವರಿಗೆ ಗೊತ್ತಿರೋದು ನಮಗೆ ಯಾರಿಗೂ ಗೊತ್ತಿಲ್ಲ. ಖಾಲಿ ತಿಂಗಳು ಯಾವುದು, ಖಾಲಿ ಜಾಗ ಎಲ್ಲಿ ಅಂತ ಆಗ ತಾನಾಗೇ ಕಾಣುತ್ತದೆ. ಅಲ್ಲಿ ಹಚ್ಚೋಣ, ಮುಂದಿನ ಬ್ಯಾಚಿಗೆ ಪಟ್ಟಿ ಕೊಟ್ಟು ಹೋಗೋಣ.

ಲಾಲ್‌ಬಾಗಿನಲ್ಲಿ ಕೃಂಬಿಗಲ್ ಹೆಸರಿನ ಒಂದು ಹಳೇ ಸಭಾಂಗಣ ಇತ್ತು. ನೋಡಿಕೊಳ್ಳುವವರಿಲ್ಲದೆ ಸೊರಗಿ 2017ರಲ್ಲಿ ಕುಸಿಯಿತು. ಗೋಡೆಗೆ ಇಟ್ಟ ಹೆಸರು ಗೋಡೆಯ ಜೊತೆ ಬಿತ್ತು. ಅವರು ಹಾಕಿಕೊಟ್ಟ ಸರದಿ ಮಾತ್ರ ಪ್ರತಿ ಬೇಸಿಗೆ ಬೆಂಗಳೂರಿನ ರಸ್ತೆಗಳಲ್ಲಿ ನಡೀತಾನೇ ಇದೆ. ನಾವು ಅವತ್ತು ಕೂತಿದ್ದ ಮಳೆಮರವನ್ನು ಹಚ್ಚಿದವರ ಹೆಸರು ಇನ್ನೂ ಗೊತ್ತಾಗಿಲ್ಲ. ಮೊನ್ನೆ ಮತ್ತೆ ಹೋಗಿದ್ವಿ, ಮಂದಿ ಅದರ ಕೆಳಗೇ ಕೂತಿದ್ರು.