ಚಿತ್ರಕಾರ ಪೌಲ್ ಕ್ಲೇಗೆ ಬಂದಿದ್ದು ಯಾವ ಸ್ಕ್ಲೀರೋಡರ್ಮಾ?

ರಿಪೋರ್ಟ್‌ನಲ್ಲಿ ಸ್ಕ್ಲೀರೋಡರ್ಮಾ ಎಂಬ ಪದ ಕಂಡ ತಕ್ಷಣ ಮೊಬೈಲಿನಲ್ಲಿ ಹುಡುಕುವವರೇ ಹೆಚ್ಚು. ಹಾಗೆ ಹುಡುಕಿದರೆ ಪೌಲ್ ಕ್ಲೇ ಕಥೆ ಸಿಗುತ್ತದೆ: ದೊಡ್ಡ ಚಿತ್ರಕಾರ, ಕಾಯಿಲೆ ಬಂದು ಐದು ವರ್ಷದೊಳಗೆ ತೀರಿಕೊಂಡರು. ಅದನ್ನೇ ಫ್ಯಾಮಿಲಿ ಗ್ರೂಪ್‌ಗೆ ಫಾರ್ವರ್ಡ್ ಮಾಡಿದರೆ ಮನೆಮಂದಿಯೆಲ್ಲ ಹೆದರುತ್ತಾರೆ. ಕಥೆ ನಿಜ. ಆದರೆ ಅದು ಈ ಹೆಸರಿನ ಎಲ್ಲ ಕಾಯಿಲೆಗಳ ಕಥೆಯಲ್ಲ.

ಕ್ಲೇ ಹುಟ್ಟಿದ್ದು 1879ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ಹತ್ತಿರ. ತಂದೆ ಸಂಗೀತದ ಮೇಷ್ಟ್ರು. ಮಗನೂ ಪಿಟೀಲು ಚೆನ್ನಾಗಿ ನುಡಿಸುತ್ತಿದ್ದ, ಆದರೆ ಆರಿಸಿಕೊಂಡಿದ್ದು ಚಿತ್ರಕಲೆ. ಜರ್ಮನಿಯ ಪ್ರಸಿದ್ಧ ಬೌಹೌಸ್ ಶಾಲೆಯಲ್ಲಿ ಹತ್ತು ವರ್ಷ ಪಾಠ ಹೇಳಿದರು. 1933ರಲ್ಲಿ ನಾಜಿಗಳು ಕೆಲಸದಿಂದ ತೆಗೆದಾಗ ಬರ್ನ್‌ಗೆ ವಾಪಸ್ಸಾದರು.

1935ರಲ್ಲಿ ಹಾಸಿಗೆ ಹಿಡಿದರು. ಮೊದಲು ದಡಾರ ಎಂದುಕೊಂಡರು. ಸುಸ್ತು ಹೋಗಲಿಲ್ಲ. ಮುಖದ ಚರ್ಮ ಬಿಗಿಯಾಯಿತು, ಗಟ್ಟಿ ಆಹಾರ ಗಂಟಲಲ್ಲಿ ಇಳಿಯದಾಯಿತು, ನಡೆದರೆ ಏದುಸಿರು. 1936ರಲ್ಲಿ ಬರೆದ ಚಿತ್ರಗಳು ಬರೀ 25. ಕಾಯಿಲೆಗೆ ಸ್ಕ್ಲೀರೋಡರ್ಮಾ ಎಂಬ ಹೆಸರು ಬಂದಿದ್ದು ಅವರು ಹೋದ ಮೇಲೆ. ಸ್ವಿಸ್ ಚರ್ಮವೈದ್ಯ ಹಾನ್ಸ್ ಸೂಟರ್ ಪತ್ರ, ಫೋಟೋ, ಪರಿಚಿತರ ನೆನಪುಗಳನ್ನೆಲ್ಲ ಕೂಡಿಸಿ ನೋಡಿ, ಇದು ಬಹುಮಟ್ಟಿಗೆ ಡಿಫ್ಯೂಸ್ ಎಂಬ ತೀವ್ರ ಬಗೆ ಎಂದು ತೀರ್ಮಾನಿಸಿದರು.

ಈ 'ಬಗೆ' ಎನ್ನುವುದೇ ಮುಖ್ಯ. ಸ್ಕ್ಲೀರೋಡರ್ಮಾ ಎಂದರೆ ಗಟ್ಟಿ ಚರ್ಮ, ಅಷ್ಟೇ. ರೋಗನಿರೋಧಕ ವ್ಯವಸ್ಥೆ ನಮ್ಮ ಮೈಮೇಲೇ ತಿರುಗಿಬಿದ್ದು, ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಬೇಕಾದ್ದಕ್ಕಿಂತ ಹೆಚ್ಚು ಸೇರಿಕೊಳ್ಳುತ್ತದೆ. ಇದು ಅಂಟುವುದಿಲ್ಲ, ಕುಷ್ಠವಲ್ಲ, ಸರ್ಪದೋಷವೂ ಅಲ್ಲ.

ಮಾರ್ಫಿಯಾ ಎಂಬ ಬಗೆಯಲ್ಲಿ ಚರ್ಮದ ಮೇಲೆ ಗಟ್ಟಿ ಮಚ್ಚೆಗಳಷ್ಟೇ ಬರುತ್ತವೆ. ತೊನ್ನು ಎಂದು ತಪ್ಪು ತಿಳಿಯುವುದುಂಟು. ಕೆಲವು ವರ್ಷಗಳಲ್ಲಿ ಸಾಮಾನ್ಯವಾಗಿ ತಾನೇ ಮೆತ್ತಗಾಗುತ್ತದೆ, ಜೀವಕ್ಕೆ ಅಪಾಯವಿಲ್ಲ. ಮಕ್ಕಳಲ್ಲಿ ಕೈಕಾಲಿನುದ್ದಕ್ಕೂ ಪಟ್ಟಿಯಂತೆ ಬಂದರೆ ಮಾತ್ರ ತಡಮಾಡಬಾರದು, ಆ ಕೈಯ ಅಥವಾ ಕಾಲಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಒಳಗಿನ ಅಂಗಗಳಿಗೂ ಹೋಗುವುದು ಸಿಸ್ಟಮಿಕ್ ಬಗೆ. ಅದರಲ್ಲಿ ಮತ್ತೆ ಎರಡು. ಲಿಮಿಟೆಡ್ ಎಂಬುದು ನಿಧಾನಿ. ಬನಶಂಕರಿಯಲ್ಲೋ ಜೆಪಿ ನಗರದಲ್ಲೋ ಡಿಸೆಂಬರ್ ಬೆಳಿಗ್ಗೆ ತಣ್ಣೀರಿನಲ್ಲಿ ಪಾತ್ರೆ ತೊಳೆಯುವಾಗ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತದಲ್ಲ, ಅದು ಇದರ ಮೊದಲ ಸೂಚನೆ ಇರಬಹುದು. (ಹಾಗಾಗುವ ಬಹಳಷ್ಟು ಜನರಿಗೆ ಈ ಕಾಯಿಲೆ ಇರುವುದಿಲ್ಲ, ಗಾಬರಿ ಬೇಡ.) ಚರ್ಮ ಗಟ್ಟಿಯಾಗುವುದು ಮುಖ, ಕೈ, ಪಾದಗಳ ಕಡೆ. ಇದರೊಂದಿಗೆ ದಶಕಗಟ್ಟಲೆ ಬದುಕಿದವರು ಬೇಕಾದಷ್ಟು. ಆದರೂ ಶ್ವಾಸಕೋಶದ ರಕ್ತನಾಳಗಳ ಒತ್ತಡವನ್ನು ಆಗಾಗ ನೋಡಿಸಿಕೊಳ್ಳಬೇಕು.

ಕ್ಲೇಗೆ ಬಂದಿದ್ದೆನ್ನಲಾದ ಡಿಫ್ಯೂಸ್ ಬಗೆಯಲ್ಲಿ ಚರ್ಮ ತೋಳು, ಎದೆ, ಹೊಟ್ಟೆಯವರೆಗೂ ಬೇಗ ಗಟ್ಟಿಯಾಗುತ್ತದೆ. ಮೊದಲ ಕೆಲವು ವರ್ಷಗಳೇ ಅಪಾಯದವು: ಶ್ವಾಸಕೋಶ, ಹೃದಯ, ಕಿಡ್ನಿಗೆ ಪೆಟ್ಟು ಬೀಳುವುದು ಆಗಲೇ. ಕಿಡ್ನಿ ಕೈಕೊಟ್ಟರೆ ಆಗ ಸಾವೇ ಗತಿ. 1970ರ ದಶಕದ ಕೊನೆಗೆ ಎಸಿಇ ಇನ್‌ಹಿಬಿಟರ್ ಎಂಬ ಬಿಪಿ ಮಾತ್ರೆಗಳು ಬಂದಮೇಲೆ ಆ ಸ್ಥಿತಿ ಬದಲಾಯಿತು. ಶ್ವಾಸಕೋಶಕ್ಕೆ ಈಗ ಮೈಕೋಫಿನೋಲೇಟ್, ನಿಂಟೆಡಾನಿಬ್‌ನಂಥ ಔಷಧಗಳಿವೆ. ಪೂರ್ತಿ ಗುಣಪಡಿಸುವುದಿಲ್ಲ, ಆದರೆ ಹಾನಿಯ ವೇಗ ತಗ್ಗಿಸುತ್ತವೆ. ಕ್ಲೇಗೆ ಇವು ಯಾವುವೂ ಇರಲಿಲ್ಲ.

ಕೊನೆಗಾಲದ ಚಿತ್ರಗಳಲ್ಲಿ ದಪ್ಪ ಕಪ್ಪು ಗೆರೆಗಳಿರುವುದನ್ನು ನೋಡಿ, ಕೈ ಮರಗಟ್ಟಿದ್ದರಿಂದ ಹಾಗಾಯಿತು ಎನ್ನುವವರಿದ್ದಾರೆ. ನಮಗೆ ಅದು ಒಪ್ಪಿತವಲ್ಲ. 1939 ಒಂದೇ ವರ್ಷದಲ್ಲಿ ಅವರು ಬರೆದಿದ್ದು 1,200ಕ್ಕೂ ಹೆಚ್ಚು ಕೃತಿ. ಮರಗಟ್ಟಿದ ಕೈಗೆ ಅಷ್ಟು ಆಗುತ್ತದೆಯೇ? 1940ರ ಜೂನ್ 29ರಂದು ಲೊಕಾರ್ನೊ ಹತ್ತಿರದ ಮುರಾಲ್ಟೊದಲ್ಲಿ ತೀರಿಕೊಂಡರು. ಸ್ವಿಸ್ ಪೌರತ್ವದ ಅರ್ಜಿ ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಹೆಸರು ಬಂದಿದ್ದರೆ ರುಮಟಾಲಜಿಸ್ಟ್ ಹತ್ತಿರ ಮೊದಲು ಕೇಳಿ: ಯಾವ ಬಗೆ? ಎಎನ್‌ಎ ಮತ್ತು ಇತರ ಆಂಟಿಬಾಡಿ ಪರೀಕ್ಷೆ, ಶ್ವಾಸಕೋಶದ ಪರೀಕ್ಷೆ, ಎಕೋ ನೋಡಿ ಹೇಳುತ್ತಾರೆ. ಬಿಪಿ ಮನೆಯಲ್ಲೇ ನೋಡಿಕೊಳ್ಳುತ್ತಿರಿ, ಏಕಾಏಕಿ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೆಸರಿಲ್ಲದ ಪೊಟ್ಟಣದ ಪುಡಿ, ಮಾತ್ರೆಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಡಿಫ್ಯೂಸ್ ಬಗೆಯಲ್ಲಿ ಹೆಚ್ಚು ಸ್ಟಿರಾಯ್ಡ್ ಕಿಡ್ನಿಯನ್ನೇ ಕೆಡಿಸಬಹುದು.